ಅಂಗಿ ಮ್ಯಾಲೆ ಒಂದು ಹೆಸ್ರು, ಸಂಬಳದ ಚೀಟಿ ಮ್ಯಾಲೆ ಇನ್ನೊಂದು

ಪಿಯುಸಿ ರಿಸಲ್ಟ್ ಬಂದ ಮ್ಯಾಲೆ ನಮ್ಮ ಬೆಳವಂಗಲದ ಕಡೆ ಒಂದು ಮಾತು ಜಾಸ್ತಿ ಕೇಳ್ತೈತೆ. "ನಮ್ಮ ಹುಡುಗಂಗೆ ಫೋನ್ ಕಂಪನೀಲಿ ಕೆಲಸ ಆಯ್ತು ಕಣಕ್ಕ, ದೊಡ್ಡ ಕಂಪನಿ." ಕೇಳಿದ್ರೆ ಸಂತೋಷನೇ. ಆದ್ರೆ ಅಕ್ಕಂದಿರೇ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕಬೇಡಿ. ಕಂಪನಿ ಎಷ್ಟು ದೊಡ್ಡದು ಅನ್ನೋದು ಆಮ್ಯಾಕೆ. ನಮ್ಮ ಮಗು ಆ ಕಂಪನಿಗೇ ಸೇರ್ತಾ, ಇಲ್ಲ ಆ ಕಂಪನಿಗೆ ಆಳು ಒದಗಿಸೋ ಏಜೆನ್ಸಿಗೆ ಸೇರ್ತಾ, ಅದನ್ನ ಮೊದಲು ಕೇಳ್ಬೇಕು.

ನಮ್ಮ ಮನೇಲಿ ಎರಡು ಥರದ ಕೆಲಸಾನೂ ನೋಡಿವ್ನಿ. ನಮ್ಮ ಭಾವನೋರು ಟೆಲಿಫೋನ್ ಇಲಾಖೇಲಿ ಲೈನ್‌ಮನ್ ಆಗಿದ್ರು. ಮನೆಗೊಂದು ಫೋನ್ ಬೇಕು ಅಂದ್ರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯ್ತಿದ್ದ ಕಾಲ ಅದು. ಸೈಕಲ್ ಹಿಂದೆ ವೈರಿನ ಸುತ್ತು, ಹೆಗಲಿಗೆ ಚೀಲ. ಗಾಳಿಮಳೆಗೆ ಲೈನ್ ಹೋಯ್ತು ಅಂದ್ರೆ ಉಣ್ಣೋ ತಟ್ಟೆ ಬಿಟ್ಟು ಎದ್ದೋಗೋರು. ಜನದ ಬೈಗುಳಾನೂ ಕೇಳೋರು. ಸುಖದ ಕೆಲಸ ಏನಲ್ಲ. ಆದ್ರೆ ಅವರು ಯಾರ ಆಳು ಅಂತ ಅವರಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

2000ನೇ ಇಸವಿ ಅಕ್ಟೋಬರ್ 1ಕ್ಕೆ ಇಲಾಖೆ ಕೆಲಸ ಹೋಗಿ ಬಿಎಸ್‌ಎನ್‌ಎಲ್ ಅನ್ನೋ ಕಂಪನಿ ಆಯ್ತು. ಇಲಾಖೆಯಿಂದ ಕಂಪನಿಗೆ ಬಂದೋರಿಗೆ ಪಿಂಚಣಿ ಸರ್ಕಾರನೇ ಕೊಡ್ಬೇಕು ಅಂತ ನಿಯಮದಾಗೆ ಬರೆದು ಇಟ್ರು. ಆ ಬರವಣಿಗೆ ಬೆಲೆ ತಿಳಿದಿದ್ದು ಇಪ್ಪತ್ತು ವರ್ಷ ಆದ ಮ್ಯಾಲೆ. 2016ರ ಸೆಪ್ಟೆಂಬರ್‌ನಾಗೆ ಜಿಯೋ ಬಂತು, ರೇಟು ಬಿದ್ದೋಯ್ತು, ನಾವೆಲ್ಲ ಅಗ್ಗ ಅಂತ ಖುಷಿ ಪಟ್ವಿ. ಸರ್ಕಾರಿ ಕಂಪನಿ ಕೈಯಾಗೆ ಆಗ 4ಜಿನೇ ಇರಲಿಲ್ಲ. 2019ರ ಫೆಬ್ರವರಿ ಸಂಬಳ ಕಾಯಂ ನೌಕರರಿಗೂ ತಡ ಆಯ್ತು. ಅದೇ ವರ್ಷ ಐವತ್ತು ದಾಟಿದೋರಿಗೆ ಸ್ವಯಂ ನಿವೃತ್ತಿ ಯೋಜನೆ ತಂದ್ರು. 2020ರ ಜನವರಿ 31ಕ್ಕೆ 78,000ಕ್ಕೂ ಜಾಸ್ತಿ ಜನ ಒಂದೇ ದಿನ ಕೆಲಸ ಬಿಟ್ಟು ಮನೆಗೆ ಬಂದ್ರು. ನೋವಿತ್ತು, ಆದ್ರೆ ಬರವಣಿಗೆ ಇದ್ದಿದ್ದಕ್ಕೆ ಅಂಥೋರ ಒಲೆ ಆರಲಿಲ್ಲ.

ಅದೇ ಕಂಬ ಹತ್ತಿ, ಅದೇ ಕೇಬಲ್ ಗುಂಡೀಲಿ ಇಳಿದು ಕೆಲಸ ಮಾಡಿದ ಗುತ್ತಿಗೆ ಕಾರ್ಮಿಕರ ಕಥೆ ಬೇರೆ. 2019ರಾಗೆ ದೇಶದ ಎಷ್ಟೋ ಕಡೆ ಅವರಿಗೆ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ, ಬೀದಿಗಿಳಿದು ಧರಣಿ ಕೂತ್ರು. ಸ್ವಯಂ ನಿವೃತ್ತಿ ದುಡ್ಡೂ ಇಲ್ಲ, ಸರ್ಕಾರದ ಪಿಂಚಣಿನೂ ಇಲ್ಲ. ಒಂದೇ ಕೆಲಸ, ಒಂದೇ ಬಿಸಿಲು. ಕಾಗದ ಮಾತ್ರ ಬೇರೆ.

ಈಗ ಖಾಸಗಿ ಕಂಪನಿ ಕಥೆ ಕೇಳಿ. ನನ್ನ ತಂಗಿ ಮಗ ಮನೆಮನೆಗೆ ಇಂಟರ್ನೆಟ್ ಕೇಬಲ್ ಎಳೆಯೋ ಕೆಲಸ ಮಾಡ್ತವ್ನೆ. ಅಂಗಿ ಮ್ಯಾಲೆ, ಕತ್ತಿನ ಟ್ಯಾಗಿನ ಮ್ಯಾಲೆ ದೊಡ್ಡ ಕಂಪನಿ ಹೆಸ್ರು. ಸಂಬಳದ ಚೀಟಿ ಇಸ್ಕಂಡು ನೋಡಿದ್ರೆ ಬೆಂಗಳೂರಿನ ಯಾವುದೋ ಏಜೆನ್ಸಿ ಹೆಸ್ರು. ಬೈಕು ಇವಂದೇ, ಪೆಟ್ರೋಲು ಇವಂದೇ. ದಿನಕ್ಕಿಷ್ಟು ಕನೆಕ್ಷನ್ ಮುಗಿಸ್ಬೇಕು, ಗಿರಾಕಿ ಸ್ಟಾರ್ ಕಮ್ಮಿ ಕೊಟ್ರೆ ಸಂಬಳಕ್ಕೆ ಕತ್ತರಿ. ಹೋದ ವರ್ಷ ಏಣಿಯಿಂದ ಬಿದ್ದು ಕೈ ಮುರ್ಕಂಡ. ಕಂಪನಿಯೋರು "ಅವನು ನಮ್ಮ ನೌಕರ ಅಲ್ಲ" ಅಂದ್ರು. ಏಜೆನ್ಸಿಯೋರು ಫೋನೇ ಎತ್ತಲಿಲ್ಲ. ಊರಿಗೆಲ್ಲ ಫೋನ್ ಲೈನ್ ಕೊಡೋ ಹುಡುಗನ ಫೋನ್ ಎತ್ತೋರು ಗತಿ ಇಲ್ಲ ನೋಡ್ರಮ್ಮ.

ಸಿಮ್ ಮಾರೋ ಹುಡುಗ್ರದ್ದು ಇನ್ನೊಂದು ಭಯ. ಟಾರ್ಗೆಟ್ ಮುಟ್ಟಲಿಲ್ಲ ಅಂತ ಗಿರಾಕಿ ಹತ್ರ ಎರಡು ಸತಿ ಹೆಬ್ಬೆಟ್ಟು ಒತ್ತಿಸಿ ಇನ್ನೊಂದು ಸಿಮ್ ಎಬ್ಬಿಸು ಅಂತ ಮ್ಯಾಲಿನೋರು ಬಾಯಿಮಾತಿನಾಗೆ ಹೇಳಿದ್ರೆ, ಹುಡುಗ್ರು ಒಪ್ಪಲೇಬಾರದು. 2023ರ ದೂರಸಂಪರ್ಕ ಕಾಯ್ದೆ ಪ್ರಕಾರ ಮೋಸದಿಂದ ಸಿಮ್ ಪಡೆದ್ರೆ 3 ವರ್ಷದ ತನಕ ಜೈಲು, ಇಲ್ಲ 50 ಲಕ್ಷದ ತನಕ ದಂಡ, ಇಲ್ಲ ಎರಡೂ. ಪೊಲೀಸ್ರು ಬಂದ ದಿನ ಟಾರ್ಗೆಟ್ ಕೊಟ್ಟೋರು ಸಿಗಲ್ಲ, ನಮ್ಮ ಮಗ ಸಿಗ್ತಾನೆ.

"ಮನೇಲಿ ಸುಮ್ಕೆ ಕೂರೋದಕ್ಕಿಂತ ಏನೋ ಒಂದು ಕೆಲಸ ವಾಸಿ ಅಲ್ವೇನೆ" ಅಂತ ನೀವು ಕೇಳ್ತೀರ. ವಾಸಿನೇ. ಬೇಡ ಅಂತ ನಾನೆಲ್ಲಿ ಅಂದೆ? ರಾಗಿ ಹೊಲ ನಂಬ್ಕಂಡು ಕೂರೋ ಕಾಲ ಇದಲ್ಲ. ಹೋಗ್ಲಿ, ಆದ್ರೆ ಕೇಳಿ ಹೋಗ್ಲಿ. ಹೆಣ್ಣು ಕೊಡೋವಾಗ ಗಂಡಿನ ಮನೆ ಏಳು ತಲೆಮಾರು ವಿಚಾರಿಸೋ ನಾವು, ಮಕ್ಕಳು ದಿನಾ ಹತ್ತು ತಾಸು ದುಡಿಯೋ ಜಾಗ ವಿಚಾರಿಸಬಾರದಾ?

ಕೇಳೋದು ಜಾಸ್ತಿ ಏನಿಲ್ಲ. ನೇಮಕದ ಕಾಗದ ಕೊಡ್ತೀರಾ, ಅದ್ರಾಗೆ ಯಾರ ಹೆಸ್ರು ಐತೆ? ಪಿಎಫ್ ಕಟ್ತೀರಾ, ಯುಎಎನ್ ನಂಬರ್ ಎಲ್ಲಿ? ಸಂಬಳದಾಗೆ ಹಿಡ್ಕಂಡಿದ್ದು ಖಾತೆಗೆ ಬಿತ್ತಾ ಅಂತ ಮೊಬೈಲಾಗೇ ನೋಡ್ಬೋದು. ತಿಂಗಳ ಕೂಲಿ 21,000 ದಾಟದೋರಿಗೆ ಇಎಸ್‌ಐ ಐತೆ, ಅದು ಇದ್ದಿದ್ರೆ ನನ್ನ ತಂಗಿ ಆಸ್ಪತ್ರೆಗೆ ಓಲೆ ಅಡ ಇಡ್ತಿರಲಿಲ್ಲ. ಪೆಟ್ರೋಲ್ ಯಾರ್ದು? ಟಾರ್ಗೆಟ್ ತಪ್ಪಿದ್ರೆ ಎಷ್ಟು ಕತ್ತರಿಸ್ತೀರ? ಇನ್ನೊಂದು ನೆನಪಿಟ್ಕಳಿ. ಕಾಂಟ್ರಾಕ್ಟರ್ ಕೂಲಿ ಕೊಡದಿದ್ರೆ ಕೆಲಸ ಮಾಡಿಸ್ಕಂಡ ಮೂಲ ಕಂಪನಿನೇ ಕೊಡ್ಬೇಕು ಅಂತ ಕಾನೂನಿನಾಗೇ ಬರೆದವ್ರೆ. "ನಮ್ಮ ನೌಕರ ಅಲ್ಲ" ಅಂತ ಕೈ ತೊಳ್ಕಳಕ್ಕೆ ಬಿಡಬಾರದು.

ಇಂಥ ವಿಷಯ ಹೆಂಗಸರಿಗೆ ಏನು ತಿಳೀತೈತೆ ಅನ್ನೋರಿಗೆ 2016ರ ಏಪ್ರಿಲ್ ನೆನಪು ಮಾಡಿ. ಪಿಎಫ್ ದುಡ್ಡು ಬೇಕಾದಾಗ ತೆಗೆಯಂಗಿಲ್ಲ ಅಂತ ಹೊಸ ನಿಯಮ ತಂದಾಗ ಬೆಂಗಳೂರಿನ ರಸ್ತೆಗಿಳಿದೋರು ಗಾರ್ಮೆಂಟ್ಸ್ ಹೆಣ್ಮಕ್ಕಳು. ಎರಡೇ ದಿನದಾಗೆ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗಂತು. ನಮ್ಮೂರಿಂದ್ಲೂ ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗೆ ಬಸ್ ಹತ್ತೋರು ಅವ್ರೆ. ಪಿಎಫ್ ಚೀಟಿ ಓದೋದು ಅವರನ್ನ ನೋಡಿ ಕಲೀಬೇಕು, ಫೋನ್ ಕಂಪನಿಗೆ ಹೋಗೋ ನಮ್ಮ ಪಿಯುಸಿ ಹುಡುಗ್ರು.

ಅದಕ್ಕೇ ಹೇಳ್ತೀನಿ, ಯಾರ ಮಗುಗಾದ್ರೂ ಕೆಲಸದ ಕಾಗದ ಬಂದ್ರೆ ಸಹಿ ಹಾಕೋಕ್ ಮುಂಚೆ ಒಂದು ದಿನ ಟೈಮ್ ಕೇಳಿ. ಮಧ್ಯಾಹ್ನ ಕೆಲಸ ಮುಗಿಸ್ಕಂಡು ನಮ್ಮ ಜಗಲಿಗೆ ಬನ್ನಿ. ಕನ್ನಡಕ ಹಾಕ್ಕಂಡು ಎಲ್ಲರೂ ಕೂತು ಸಣ್ಣಕ್ಷರಾನೂ ಬಿಡ್ದೆ ಓದಾನ. ಕಾಗದನೇ ಕೊಡಲ್ಲ ಅಂದ್ರೆ, ಅಂಗಿ ಮ್ಯಾಲೆ ಎಂಥ ದೊಡ್ಡ ಹೆಸ್ರಿದ್ರೂ ಬೇಡ ಅನ್ನಿ.