ಗಾದಿಯಿಂದ: ಐದು ರೂಪಾಯಿಯ ಬೋಲ್ಟು

ಅಂಗಡಿಯ ಗಾದಿಯ ಮೇಲೆ ಕೂತವರಿಗೆ ಒಂದು ಚಟವಿರುತ್ತದೆ. ಯಾವ ವಸ್ತು ಕಂಡರೂ ಮೊದಲು ಅದರ ದರ ಕೇಳುವುದು. ಈ ಚಟದಿಂದ ಕಳೆದ ದೀಪಾವಳಿ ರಜೆಯಲ್ಲಿ ನಮ್ಮ ಮನೆಯಲ್ಲಿ ಆದದ್ದನ್ನು ಈ ಸಲ ಬರೆಯುತ್ತಿದ್ದೇವೆ. ಹೇಳಿಕೊಳ್ಳಲು ಸಂಕೋಚವಿದೆ. ಆದರೂ ಮನೆಯಲ್ಲಿ ಮಕ್ಕಳಿರುವ ಬಂಧುಗಳಿಗೆ ಗೊತ್ತಿರಲಿ.

ನಮ್ಮ ತೀರ್ಥರೂಪರು 1968ರಲ್ಲಿ ಅರಳೆ ವ್ಯಾಪಾರಕ್ಕೆಂದು ಮುಂಬಯಿಗೆ ಹೋದಾಗ ಹಳೆಯ ಸಾಮಾನಿನ ಪೇಠೆಯಿಂದ ಒಂದು ಪುಟ್ಟ ಉಗಿ ಎಂಜಿನ್ ತಂದಿದ್ದರು. ಇಂಗ್ಲೆಂಡಿನ ಮಾಮೋಡ್ ಕಂಪನಿಯದು. 1937ರಲ್ಲಿ ಬರ್ಮಿಂಗ್‌ಹ್ಯಾಮಿನ ಕಡೆ ಹುಟ್ಟಿದ ಕಂಪನಿ ಅದು. ಗೇಣುದ್ದದ ತಗಡಿನ ತಳ, ಮೇಲೆ ಹಿತ್ತಾಳೆಯ ಬಾಯ್ಲರು, ಕೆಳಗೆ ಸ್ಪಿರಿಟ್ ದೀಪ, ಪಕ್ಕದಲ್ಲಿ ಸಣ್ಣ ಸಿಲಿಂಡರು, ಒಂದು ಗಾಲಿ. ಸಿಲಿಂಡರೇ ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತ ಒಂದು ಕಡೆ ಉಗಿ ಎಳೆದುಕೊಂಡು ಇನ್ನೊಂದು ಕಡೆ ಬಿಡುತ್ತದೆ. ನಾವು ಚಿಕ್ಕವರಿದ್ದಾಗ ತೀರ್ಥರೂಪರು ಹಬ್ಬಕ್ಕೊಮ್ಮೆ ಅದನ್ನು ಹೊತ್ತಿಸುತ್ತಿದ್ದರು. ನಮಗೆ ಮುಟ್ಟಲು ಬಿಡುತ್ತಿರಲಿಲ್ಲ.

ದೀಪಾವಳಿಗೆ ಬಂದ ಮೊಮ್ಮಗ ಅದನ್ನು ಅಟ್ಟದಿಂದ ಇಳಿಸಿದ. ಎಲ್ಲವೂ ಇತ್ತು. ಬಾಯ್ಲರಿನ ನೆತ್ತಿಯ ಮೇಲಿನ ಸೇಫ್ಟಿ ವಾಲ್ವ್ ಮಾತ್ರ ಕಳೆದಿತ್ತು. ನೀರು ಹೊಯ್ಯುವುದೂ ಅದನ್ನು ಬಿಚ್ಚಿಯೇ. ನಾವು ಊರಿನ ಒಂದು ವರ್ಕ್‌ಶಾಪಿಗೆ ಬಾಯ್ಲರು ಒಯ್ದು, "ಈ ಕಿಂಡಿಗೆ ಒಂದು ಬೋಲ್ಟ್ ಕೂಡಿಸು" ಎಂದೆವು. ಆತ ಡಬ್ಬಿಯಲ್ಲಿ ಕೈಯಾಡಿಸಿ ಆರು ಎಂಎಂ ಬೋಲ್ಟ್ ತಿರುಗಿಸಿದ. ಹೋಯಿತು. ಐದು ರೂಪಾಯಿ. ತುಸು ಅಲ್ಲಾಡುತ್ತಿತ್ತು, ಅದಕ್ಕೆ ನಲ್ಲಿಗೆ ಸುತ್ತುವ ಬಿಳೀ ಟೇಪು ನಾವೇ ಸುತ್ತಿದೆವು. ಕೆಲಸ ಅಗ್ಗದಲ್ಲಿ ಮುಗಿಯಿತೆಂದು ಮನೆಯಲ್ಲಿ ಹೇಳಿಕೊಂಡದ್ದೂ ಆಯಿತು.

ಸೂರ್ಯಾಸ್ತದೊಳಗಿನ ಊಟವಾದ ಮೇಲೆ ಪಡಸಾಲೆಯಲ್ಲಿ ದೀಪ ಹೊತ್ತಿಸಿದೆವು. ಗಾಲಿ ತಿರುಗಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಎಂಜಿನ್ ಸಿಕ್ಕಿಕೊಂಡು ನಿಂತಿತು, ಕೆಳಗೆ ದೀಪ ಉರಿಯುತ್ತಲೇ ಇತ್ತು. ಮೊಮ್ಮಗ ಗಾಲಿ ತಿರುವಲು ಕೈಚಾಚಿದ್ದಾನೆ, ಅಷ್ಟರಲ್ಲಿ ಫಟ್ಟೆಂದು ಸದ್ದಾಗಿ ಬೋಲ್ಟು ಹಾರಿ ಜಂತಿಗೆ ಬಡಿಯಿತು. ಕುದಿನೀರು ಹುಡುಗನ ಮಣಿಕಟ್ಟಿನ ಮೇಲೆ ಸಿಡಿದು ಬೊಬ್ಬೆ ಎದ್ದಿತು. ಒಂದು ಮಾರು ದೂರಕ್ಕೆ ಅವನ ತಂಗಿ ಕೂತಿದ್ದಳು. ಸೊಸೆ ನಮಗೆ ಒಂದು ಮಾತೂ ಅನ್ನಲಿಲ್ಲ. ಎರಡು ದಿನ ಮಾತೇ ಆಡಲಿಲ್ಲ.

ಕುಕ್ಕರ್ ಬಳಸುವ ನಮ್ಮ ಹೆಣ್ಣುಮಕ್ಕಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಒಂದು ಚಮಚ ನೀರು ಪೂರ್ತಿ ಉಗಿಯಾದರೆ ತೆರೆದ ಗಾಳಿಯಲ್ಲಿ 1600 ಚಮಚಕ್ಕೂ ಹೆಚ್ಚು ಜಾಗ ಬೇಡುತ್ತದೆ. ಜಾಗ ಕೊಡದಿದ್ದರೆ ಒತ್ತುತ್ತದೆ. ಸೀಟಿ ತೆಗೆದು ಆ ಜಾಗಕ್ಕೆ ಬೂಚು ಬಡಿದು ಒಲೆಯ ಮೇಲಿಡುವ ಹೆಣ್ಣುಮಗಳು ಯಾವ ಮನೆಯಲ್ಲೂ ಇಲ್ಲ. ಮೆಟ್ರಿಕ್ ಪಾಸಾದ ನಾವು ಅದನ್ನೇ ಮಾಡಿದ್ದೆವು.

ಸೊಲ್ಲಾಪುರದಲ್ಲಿ ಒಬ್ಬ ವಯಸ್ಸಾದ ಲೇಥ್ ಮಿಸ್ತ್ರಿ ಇದ್ದಾರೆಂದು ತಿಳಿದು ಹೋದೆವು. 1877ರಲ್ಲಿ ಶುರುವಾಗಿ ಈಗ ಇಲ್ಲದ ಹಳೇ ಗಿರಣಿಯಲ್ಲಿ ಅವರ ತಂದೆ ಫಿಟ್ಟರಾಗಿದ್ದವರು.

"ಹಳೇ ವಾಲ್ವ್ ಎಲ್ಲೈತ್ರಿ?"

"ಕಳದೈತಿ. ಅಳತಿ ಬರಕೊಂಡು ಬಂದೇವಿ, ಕಾಲು ಇಂಚು."

"ಅಳತಿ ಚೀಟಿ ಬ್ಯಾಡ್ರಿ ಸಾವ್ಕಾರ್ರ, ಬಾಯ್ಲರ್ ತರ್ರಿ. ಕೂಡೂ ಜಾಗಾ ನೋಡಲಾರದ ಕೂಡಿಸೂ ಸಾಮಾನ ಮಾಡಾಂಗಿಲ್ಲ."

ಮರುವಾರ ಬಾಯ್ಲರು, ಹಾರಿದ ಬೋಲ್ಟು ಎರಡನ್ನೂ ಒಯ್ದೆವು. ಮಿಸ್ತ್ರಿ ಕಿಂಡಿಯೊಳಗೆ ಮೆತ್ತನೆಯ ಕಟ್ಟಿಗೆಯ ಕಡ್ಡಿ ತಿರುಗಿಸಿ ಎಳೆಗಳ ಅಚ್ಚು ತೆಗೆದರು. ವರ್ನಿಯರ್ ಹಿಡಿದು ಅಳೆದರು. ಆಮೇಲೆ ಬೋಲ್ಟು ನೋಡಿ ನಕ್ಕರು. ನಮ್ಮ ಕಿಂಡಿಯದು ಇಂಗ್ಲಿಷರ ಹಿತ್ತಾಳೆ ಎಳೆ, ಕಾಲು ಇಂಚು ದಪ್ಪಕ್ಕೆ ಇಂಚಿಗೆ 26 ಸುತ್ತು. ಆ ಪದ್ಧತಿಯಲ್ಲಿ ಸಣ್ಣದು ದೊಡ್ಡದು ಯಾವ ಅಳತೆಯಾದರೂ 26 ಸುತ್ತೇ. ಪೇಠೆಯ ಆರು ಎಂಎಂ ಬೋಲ್ಟಿಗೆ ಒಂದೊಂದು ಎಂಎಂಗೆ ಒಂದು ಸುತ್ತು, ಅಂದರೆ ಇಂಚಿಗೆ 25ಕ್ಕೆ ತುಸು ಮೇಲೆ. ಸುತ್ತುಗಳು ಹತ್ತಿರ ಹತ್ತಿರ ಇರುವುದರಿಂದ ಬೋಲ್ಟು ಸಲೀಸಾಗಿ ಒಳಗೆ ಹೋಗುತ್ತದೆ. ಆದರೆ ಕಾಲು ಇಂಚೆಂದರೆ 6.35 ಎಂಎಂ. ಮೂರೂವರೆ ಕೂದಲಿನಷ್ಟು ಸಣ್ಣದಾದ ಬೋಲ್ಟು ಎಳೆಯ ತುದಿಗಳನ್ನಷ್ಟೇ ಹಿಡಿದಿರುತ್ತದೆ. "ಹೋಗಲಿಲ್ಲಂದ್ರ ಚಲೋ ಇತ್ರಿ, ಹೋತಲ್ಲ, ಅದ ಘಾತ ಆತು" ಎಂದರು. ದೊಡ್ಡ ಪುಣ್ಯಕ್ಕೆ ಕಿಂಡಿಯ ಎಳೆ ಕೆಟ್ಟಿರಲಿಲ್ಲ.

ಖರ್ಚು ಕೇಳಿದೆವು. ಎಂಟುನೂರು ರೂಪಾಯಿ ಎಂದರು. ಬೆರಳ ತುದಿಯಷ್ಟು ಹಿತ್ತಾಳೆಗೆ ಎಂಟುನೂರೇ! ಇಷ್ಟಾದ ಮೇಲೂ ನಮ್ಮ ಬಾಯಿ ಸುಮ್ಮನಿರಲಿಲ್ಲ, "ನಾನೂರಕ್ಕ ಮಾಡ್ರಿ" ಎಂದಿತು. ಮಿಸ್ತ್ರಿ ಸಿಟ್ಟಾಗಲಿಲ್ಲ.

"ನಿಮ್ಮ ಅಡತಿಯಿಂದ ಒಂದ ಚೀಲಾ ಕಳಸೂದಿತ್ತಂದ್ರ, ಲಾರಿಯವ ಬಾಡಿಗಿ ಒಂದ ಚೀಲದ್ದು ತಗೋತಾನೇನ್ರಿ, ಲಾರೀದು ತಗೋತಾನೇನ್ರಿ?"

ನಮ್ಮ ಭಾಷೆಯಲ್ಲಿ ಹೇಳಿದ್ದರಿಂದ ತಕ್ಷಣ ತಿಳಿಯಿತು. ಆ ದಿನ ಅಲ್ಲಿಯೇ ಕೂತು ನೋಡಿದೆವು ಕೂಡ. ಅವರದು ಪಟ್ಟೆಯ ಹಳೇ ಲೇಥ್, ಅದರ ಉದ್ದ ಸ್ಕ್ರೂ ಇಂಚಿಗೆ ನಾಲ್ಕು ಸುತ್ತಿನದು. 26 ಸುತ್ತು ಕೊರೆಯಲು ನಾಲ್ಕಕ್ಕೆ ಇಪ್ಪತ್ತಾರರ ಲೆಕ್ಕ ಕೂಡಿಸಬೇಕು. 20 ಮತ್ತು 40 ಹಲ್ಲಿನ ಚಕ್ರಗಳು ನಡೆಸುವವು, 65 ಮತ್ತು 80 ಹಲ್ಲಿನವು ನಡೆಯುವವು. ಇಪ್ಪತ್ತನ್ನು ನಲವತ್ತರಿಂದ ಗುಣಿಸಿದರೆ 800, ಅರವತ್ತೈದನ್ನು ಎಂಬತ್ತರಿಂದ ಗುಣಿಸಿದರೆ 5200. ನಾಲ್ಕು ಭಾಗಿಸು ಇಪ್ಪತ್ತಾರು. ನಾವು ಬಾಯಿಲೆಕ್ಕ ಮಾಡಿ ಒಪ್ಪಿದ್ದು ನೋಡಿ ಮಿಸ್ತ್ರಿಗೂ ಖುಷಿಯಾಯಿತು. ಆ 65ರ ಚಕ್ರ ಹುಡುಕಲು ಒಂದು ತಾಸು ಹೋಯಿತು, ಚಕ್ರ ಕೂಡಿಸಲು ಮತ್ತೆ ಅರ್ಧ ತಾಸು. ಮೊದಲು ಮೋಡಿನ ಕಬ್ಬಿಣದ ತುಂಡಿನ ಮೇಲೆ ಕೊರೆದು ಕಿಂಡಿಗೆ ತಾಳೆ ನೋಡಿದರು. ಕೊನೆಗೆ ಹಿತ್ತಾಳೆ ಕೊರೆದದ್ದು ಇಪ್ಪತ್ತೇ ನಿಮಿಷ.

ಒಳಗೆ ತುಕ್ಕು ಹಿಡಿಯದ ಸ್ಟೀಲಿನ ಸಣ್ಣ ಗುಂಡು, ಅದನ್ನು ಒತ್ತುವ ಸ್ಪ್ರಿಂಗು, ಮೇಲೆ ತೂತಿರುವ ತಿರುಪು. ಸ್ಪ್ರಿಂಗೂ ತುಕ್ಕು ಹಿಡಿಯದ ತಂತಿಯದೇ ಆಗಬೇಕು, ಇಲ್ಲದಿದ್ದರೆ ಎರಡು ವರ್ಷಕ್ಕೆ ಗುಂಡು ಅಂಟಿ ಮತ್ತದೇ ಬೂಚಾಗುತ್ತದೆ. ತಿರುಪು ಬಿಗಿದಷ್ಟೂ ಗುಂಡು ಏಳುವ ಒತ್ತಡ ಹೆಚ್ಚು. ಮನೆಯ ಕುಕ್ಕರಿನ ತೂಕ ಏಳುವುದು ಚದರ ಇಂಚಿಗೆ 15 ಪೌಂಡಿನ ಹತ್ತಿರ. ಮಿಸ್ತ್ರಿ ಇದನ್ನು ಹತ್ತಕ್ಕೇ ಇಟ್ಟರು. ಅದಕ್ಕೂ ಮೊದಲು ಬಾಯ್ಲರಿಗೆ ಗಾಳಿ ಉಳಿಯದಂತೆ ತಣ್ಣೀರು ತುಂಬಿ ಕೈಪಂಪಿನಿಂದ ಇಪ್ಪತ್ತು ಪೌಂಡು ಒತ್ತಿ ಗೇಜಿನ ಮುಳ್ಳು ನೋಡುತ್ತ ಕೂತರು. ಉಗಿಯಿಂದ ಯಾಕೆ ಪರೀಕ್ಷೆ ಮಾಡಬಾರದೆಂದು ಕೇಳಿದೆವು. ತಣ್ಣೀರು ಕುಗ್ಗುವುದಿಲ್ಲ, ಹಿಗ್ಗುವುದೂ ಇಲ್ಲ, ಬೆಸುಗೆ ಬಿಟ್ಟರೂ ಜಿನುಗಿ ಸುಮ್ಮನಾಗುತ್ತದೆ, ಉಗಿಯಾದರೆ ತುಂಡು ಹಾರುತ್ತದೆ ಎಂದರು. ಹುಡುಗನ ಮಣಿಕಟ್ಟು ನಮ್ಮ ಕಣ್ಣ ಮುಂದೆ ಬಂತು.

ಇಂಗ್ಲೆಂಡಿನಲ್ಲಿ ಇಂಥ ಎಂಜಿನ್ನುಗಳನ್ನು ಮನೆಯಲ್ಲೇ ಮಾಡುವ ಹವ್ಯಾಸ ಹಳೆಯದು. ಅದಕ್ಕೆಂದೇ 'ಮಾಡೆಲ್ ಎಂಜಿನಿಯರ್' ಎಂಬ ಪತ್ರಿಕೆ 1898ರಲ್ಲಿ ಹೊರಟಿತು. ಸ್ಟುವರ್ಟ್ ಕಂಪನಿಯವರು ಎರಕದ ತುಂಡುಗಳನ್ನು ಪೆಟ್ಟಿಗೆಯಲ್ಲಿ ಮಾರುತ್ತಾರೆ, ಕೊಂಡವರು ಕೊರೆದು ಜೋಡಿಸಿಕೊಳ್ಳಬೇಕು. ಲೇಥ್ ಇಲ್ಲದವರಿಗೆ ಅಲ್ಲಿಯೂ ಒಬ್ಬ ಮಿಸ್ತ್ರಿಯೇ ಗತಿ.

ಎಂಟುನೂರು ಕೊಟ್ಟೆವು. ಮಿಸ್ತ್ರಿ ಒಂದರ ಬದಲು ಎರಡು ವಾಲ್ವ್ ಕೈಯಲ್ಲಿಟ್ಟರು. ಚಕ್ರ ಕೂಡಿಸಿದ್ದಾಗಿತ್ತು, ಎರಡನೆಯದಕ್ಕೆ ಹಿತ್ತಾಳೆ ಬಿಟ್ಟರೆ ಖರ್ಚಿಲ್ಲ, ಇರಲಿ ಎಂದರು. ಮೊದಲೇ ಎರಡು ಕೇಳಬೇಕಿತ್ತೆಂಬುದು ನಾಲ್ವತ್ತು ವರ್ಷ ವ್ಯಾಪಾರ ಮಾಡಿದ ನಮಗೆ ಹೊಳೆದಿರಲಿಲ್ಲ.

ಸಂಕ್ರಾಂತಿಗೆ ಮೊಮ್ಮಗ ಮತ್ತೆ ಬಂದ. ಈ ಸಲ ಅಂಗಳದಲ್ಲಿ ಇಟ್ಟು, ಮಕ್ಕಳನ್ನು ಕಟ್ಟೆಯ ಮೇಲೆ ಕೂಡಿಸಿ, ನಾವೇ ಹೊತ್ತಿಸಿದೆವು. ಗಾಲಿಯನ್ನು ಬೇಕೆಂದೇ ಚಿಮಟದಿಂದ ಹಿಡಿದು ನಿಲ್ಲಿಸಿದಾಗ ವಾಲ್ವ್ ಸುಂಯ್ ಎಂದು ಉಗಿ ಬಿಟ್ಟಿತು. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಸೀಟಿ ಚಲೋ ಆಗ್ಯದ್ರಿ ಮಾಮಾ" ಎಂದಳು.

ಎರಡನೆಯ ವಾಲ್ವ್ ತಿಜೋರಿಯಲ್ಲಿದೆ. "ಕಾಲು ಇಂಚು, 26 ಸುತ್ತು, ಹಿತ್ತಾಳೆ, 10 ಪೌಂಡು" ಎಂದು ಚೀಟಿ ಬರೆದು ದಾರದಿಂದ ಕಟ್ಟಿದ್ದೇವೆ.