ತರಬೇತಿಯ ಹೊಸ್ತಿಲಲ್ಲೇ ಎಡವುವವರು

2006ರ ನವೆಂಬರ್‌ನಲ್ಲಿ ಸಾಚಾರ್ ಸಮಿತಿಯ ವರದಿ ಸಂಸತ್ತಿನಲ್ಲಿ ಮಂಡನೆಯಾದಂದಿನಿಂದ ಮುಸ್ಲಿಮ್ ಸಮುದಾಯದ ಶೈಕ್ಷಣಿಕ ಹಿಂದುಳಿಯುವಿಕೆಯ ಕುರಿತು ನಾವು ಧಾರಾಳ ಮಾತಾಡಿದ್ದೇವೆ. ವಿದ್ಯಾರ್ಥಿವೇತನ, ವೃತ್ತಿ ಮಾರ್ಗದರ್ಶನ ಶಿಬಿರ, ಪ್ರತಿಭಾ ಪುರಸ್ಕಾರಗಳು ಇಂದು ಅನೇಕ ಜಮಾಅತ್‌ಗಳಲ್ಲಿ ನಡೆಯುತ್ತಿವೆ. ಇದು ಸಂತೋಷದ ವಿಷಯವೇ. ಆದರೆ ಇವೆಲ್ಲ ಹದಿಹರೆಯದವರಿಗಾಗಿ ಇರುವಂಥವು. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಮೀನು ಮಾರಾಟಕ್ಕೋ ಗುಜರಿ ವ್ಯಾಪಾರಕ್ಕೋ ಇಳಿದು ಈಗ ಮೂವತ್ತು ದಾಟಿದ ಯುವಕ, ಬೀಡಿ ಸುತ್ತಿ ಮಕ್ಕಳನ್ನು ಸಾಕಿದ ತಾಯಿ, ಗಲ್ಫ್‌ನಿಂದ ಕೆಲಸ ಕಳಕೊಂಡು ಮರಳಿದ ಚಾಲಕ- ಇವರು ಮತ್ತೆ ಕಲಿಯಲು ಬಯಸಿದರೆ ನಮ್ಮಲ್ಲಿ ಏನು ವ್ಯವಸ್ಥೆ ಇದೆ?

ತರಬೇತಿ ಕೇಂದ್ರಗಳಿವೆ ಎಂದು ಹೇಳಬಹುದು. ಹೌದು, ಇವೆ. ಆದರೆ ಅಲ್ಲಿಗೆ ಸೇರಿದ ವಯಸ್ಕನು ಹೆಚ್ಚಾಗಿ ಸೋಲುವುದು ವೃತ್ತಿಯ ಪಾಠದಲ್ಲಲ್ಲ. ಹತ್ತು ವರ್ಷ ಅಂಗಡಿ ನಡೆಸಿದವನಿಗೆ ಜಮೆ-ಖರ್ಚು, ಸಾಲ-ಬಾಕಿಗಳನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಟ್ಯಾಲಿ ತರಗತಿಯ ಮೊದಲ ದಿನ ಮೌಸ್ ಹಿಡಿದ ಕೈ ನಡುಗುತ್ತದೆ. ಬರೆದುದನ್ನು ಎಲ್ಲಿ ಉಳಿಸಿಟ್ಟೆ ಎಂಬುದು ಮರುದಿನ ತಿಳಿಯುವುದಿಲ್ಲ. ಪಕ್ಕದಲ್ಲಿ ಕುಳಿತ ಹತ್ತೊಂಬತ್ತರ ಹುಡುಗ ನಕ್ಕರೆ ಮುಗಿಯಿತು, ಮೂರನೆಯ ದಿನ ಆತ ಬರುವುದಿಲ್ಲ. ಕೇಂದ್ರದವರು ಆತನಿಗೆ ಆಸಕ್ತಿ ಇಲ್ಲವೆಂದು ಬರೆದುಕೊಳ್ಳುತ್ತಾರೆ. ಇಂದು ಐಟಿಐಯ ಲಿಖಿತ ಪರೀಕ್ಷೆಯೂ ಕಂಪ್ಯೂಟರ್ ಮುಂದೆಯೇ ನಡೆಯುತ್ತಿರುವಾಗ, ವೆಲ್ಡಿಂಗ್ ಕಲಿಯುವವನಿಗೂ ಇದರಿಂದ ವಿನಾಯಿತಿಯಿಲ್ಲ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇದೆಂಥ ಸಮಸ್ಯೆ ಎಂದು ಕೇಳುವವರಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸುವುದು ಬೇರೆ; ಅರ್ಜಿಯೊಂದನ್ನು ಟೈಪ್ ಮಾಡಿ, ಹೆಸರು ಕೊಟ್ಟು ಉಳಿಸಿ, ಇಮೇಲ್‌ಗೆ ಲಗತ್ತಿಸಿ ಕಳಿಸುವುದು ಬೇರೆ. ನಮ್ಮವರಲ್ಲಿ ಎಷ್ಟೋ ಮಂದಿಯ ಇಮೇಲ್ ವಿಳಾಸವನ್ನು ಸೃಷ್ಟಿಸಿದವರು ಸೈಬರ್ ಅಂಗಡಿಯವರು. ಪಾಸ್‌ವರ್ಡ್ ಅವರಲ್ಲೇ ಇದೆ. ನೋಂದಾಯಿಸಿದ ಮೊಬೈಲ್ ಸಂಖ್ಯೆಯೂ ಕೆಲವೊಮ್ಮೆ ಅವರದೇ! ಸಂದರ್ಶನದ ಕರೆ ಬಂದರೂ ತಿಳಿಯುವುದು ದಿನಾಂಕ ಕಳೆದ ಬಳಿಕ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ಕಂಪ್ಯೂಟರ್ ಇದ್ದ ಮನೆಗಳು ಗ್ರಾಮೀಣ ಭಾರತದಲ್ಲಿ ಶೇ. 4.4, ನಗರಗಳಲ್ಲಿ ಶೇ. 23.4. ಮೊಬೈಲ್ ಈ ಕೊರತೆಯನ್ನು ತುಂಬಿಲ್ಲ, ಮರೆಮಾಚಿದೆಯಷ್ಟೆ.

ಸರಕಾರದ ಹೊಣೆಯನ್ನು ನಾವು ಮರೆಯುವಂತಿಲ್ಲ. 2017ರಲ್ಲಿ ಕೇಂದ್ರ ಸರಕಾರವು ಆರು ಕೋಟಿ ಕುಟುಂಬಗಳ ಗುರಿಯೊಂದಿಗೆ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವನ್ನು ಆರಂಭಿಸಿತು. ಕುಟುಂಬಕ್ಕೆ ಒಬ್ಬರಿಗೆ 20 ತಾಸುಗಳ ತರಬೇತಿ. 2024ರ ಮಾರ್ಚ್‌ಗೆ ಅದು ಮುಗಿಯಿತು. ಯೋಜನೆ ಹಳ್ಳಿಗಳಿಗೆ ಮಾತ್ರ ಸೀಮಿತವಾಗಿತ್ತು. ಕರ್ನಾಟಕದ ಮುಸ್ಲಿಮರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಗರ-ಪಟ್ಟಣಗಳ ವಾಸಿಗಳೆಂಬುದು 2001ರ ಜನಗಣತಿಯಲ್ಲೇ ದಾಖಲಾಗಿತ್ತು. ಕೊಳೆಗೇರಿಯಲ್ಲಿರುವ ಬಡವ ಡಿಜಿಟಲ್ ಸಾಕ್ಷರನೆಂದು ಯಾರು ತೀರ್ಮಾನಿಸಿದರು? ಶಾಲೆ ಬಿಟ್ಟ ಅಲ್ಪಸಂಖ್ಯಾತ ಯುವಜನರಿಗೆ ಶಿಕ್ಷಣ ಮತ್ತು ಕೌಶಲ್ಯವನ್ನು ಒಟ್ಟಿಗೆ ನೀಡಲು 2015ರಲ್ಲಿ ಬಂದ ನಯೀ ಮಂಝಿಲ್ ಯೋಜನೆಯಾದರೂ 35 ವರ್ಷ ದಾಟಿದವರಿಗೆ ಬಾಗಿಲು ಮುಚ್ಚಿತ್ತು. ಬಳಿಕ ಅದನ್ನು ಪಿಎಂ ವಿಕಾಸ್‌ನೊಳಗೆ ವಿಲೀನಗೊಳಿಸಲಾಯಿತು. ಉದ್ಯೋಗ ತರಬೇತಿಗೆ ಹಣ ಸುರಿಯುವ ಸರಕಾರ, ಆ ತರಬೇತಿಗೆ ಬೇಕಾದ ಪೂರ್ವಸಿದ್ಧತೆಯನ್ನು ವಯಸ್ಕರಿಗೆ ಒದಗಿಸಲೇಬೇಕು. ರಾಜ್ಯ ಸರಕಾರವಾದರೂ ಪ್ರತಿ ಕೌಶಲ್ಯ ಕೋರ್ಸ್‌ಗೆ ಮುನ್ನ ಇಂಥದ್ದೊಂದು ಅವಧಿಯನ್ನು ಕಡ್ಡಾಯಗೊಳಿಸಲಿ.

ಅಷ್ಟರವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಪ್ರವಾದಿ ಮುಹಮ್ಮದ್(ಸ) ಅವರು ಯಹೂದಿಯರೊಂದಿಗಿನ ಪತ್ರ ವ್ಯವಹಾರಕ್ಕಾಗಿ ಅವರ ಲಿಪಿಯನ್ನು ಕಲಿಯುವಂತೆ ಝೈದ್ ಬಿನ್ ಸಾಬಿತ್(ರ) ಅವರಿಗೆ ಆದೇಶಿಸಿದ್ದರು. ಅವರು ಅರ್ಧ ತಿಂಗಳಲ್ಲಿ ಅದನ್ನು ಕಲಿತರೆಂದು ಹದೀಸ್‌ನಲ್ಲಿದೆ. ವ್ಯವಹಾರಕ್ಕೆ ಬೇಕಾದ ಲಿಪಿಯನ್ನು ಕಲಿಯುವುದು ಅಂದು ಸಮುದಾಯದ ಕೆಲಸವಾಗಿತ್ತು. ಇಂದಿನ ವ್ಯವಹಾರದ ಲಿಪಿ ಕೀಲಿಮಣೆಯ ಮೇಲಿದೆ. ಕನ್ನಡದ ಕೀಲಿಮಣೆಯನ್ನು ರೂಪಿಸಿದ ಕೆ.ಪಿ. ರಾವ್ ಅವರು ಮಂಗಳೂರು ಸಮೀಪದ ಕಿನ್ನಿಕಂಬಳದವರು. ಇಂಗ್ಲಿಷ್ ಬಾರದಿದ್ದರೆ ಕಂಪ್ಯೂಟರ್ ಬಾರದೆಂಬ ಭಯವನ್ನು ಮೊದಲ ಪಾಠದಲ್ಲೇ ತೊಲಗಿಸಬಹುದು.

ಮದ್ರಸದ ಕೊಠಡಿ ಹಗಲಿಡೀ ಖಾಲಿಯಿರುತ್ತದೆ. ಐದಾರು ಹಳೆಯ ಕಂಪ್ಯೂಟರ್‌ಗಳನ್ನು ಕೊಳ್ಳಲು ಒಂದು ವಾರ್ಷಿಕ ಸಮಾರಂಭದ ಶಾಮಿಯಾನ, ಧ್ವನಿವರ್ಧಕದ ಖರ್ಚು ಸಾಕು. ಲಿಬ್ರೆ ಆಫೀಸ್‌ನಂಥ ತಂತ್ರಾಂಶಗಳಿಗೆ ಹಣವೇ ಬೇಡ. ಬಿ.ಕಾಂ., ಬಿಸಿಎ ಮುಗಿಸಿ ಮನೆಯಲ್ಲಿರುವ ನಮ್ಮ ಹೆಣ್ಣುಮಕ್ಕಳೇ ಕಲಿಸಲಿ. ಮಹಿಳೆಯರಿಗೆ ಝುಹ್ರ್ ಬಳಿಕ, ದುಡಿಯುವ ಗಂಡಸರಿಗೆ ಇಶಾ ಬಳಿಕ ತರಗತಿ ಇರಲಿ. ಅವಸರ ಬೇಡ. ತನ್ನ ಹೆಸರನ್ನು ತಾನೇ ಟೈಪ್ ಮಾಡುವುದರಿಂದ ಶುರುವಾಗಿ, ಕಡತವನ್ನು ಉಳಿಸಿ ಹುಡುಕುವುದು, ಅರ್ಜಿ ತುಂಬುವುದು, ಪಾಸ್‌ವರ್ಡ್ ಮತ್ತು ಒಟಿಪಿಯನ್ನು ಅನ್ಯರಿಗೆ ಕೊಡದಿರುವುದು, ಲೆಕ್ಕದ ಹಾಳೆಯಲ್ಲಿ ನಾಲ್ಕು ಸಾಲು ಕೂಡಿಸುವುದು- ಇಷ್ಟಾದರೆ ಆತ ಯಾವ ತರಬೇತಿ ಕೇಂದ್ರದಲ್ಲೂ ತಲೆ ತಗ್ಗಿಸಬೇಕಾಗಿಲ್ಲ. ಪ್ರಮಾಣಪತ್ರ, ಉದ್ಘಾಟನೆ, ಗಣ್ಯರ ಭಾಷಣ ಇಲ್ಲದಿದ್ದರೂ ನಡೆಯುತ್ತದೆ. ಮುಂದಿನ ಜುಮಾದ ಬಳಿಕ ಮಸೀದಿ ಕಮಿಟಿಗಳು ಹತ್ತು ನಿಮಿಷ ಕುಳಿತು, ತಮ್ಮ ಮೊಹಲ್ಲಾದಲ್ಲಿ ಕಲಿಯಬಯಸುವ ವಯಸ್ಕರು ಎಷ್ಟಿದ್ದಾರೆಂದು ಪಟ್ಟಿ ಮಾಡಲಿ.