ಎಂಜಿನ್ನಿನ ದಿಂಬು

ಹೊಸ ಕಾರನ್ನು ಯಾರಾದರೂ ಪ್ರೀತಿಸಿಯಾರು. ಹಳೆಯದನ್ನು ಪ್ರೀತಿಸಬೇಕಾದರೆ ಸಂಸ್ಕಾರ ಬೇಕು. ಅದಿಲ್ಲವಾದರೆ ಉಪನ್ಯಾಸಕನ ಸಂಬಳವಾದರೂ ಇರಬೇಕು. ನನ್ನದು ಹನ್ನೆರಡು ವರ್ಷ ಸವೆದ ಚಿಕ್ಕ ಕಾರು. ಹಾನಗಲ್ಲಿನಲ್ಲಿ ಮನೆ, ಶಿಗ್ಗಾವಿಯಲ್ಲಿ ಕಾಲೇಜು, ಸವಣೂರಿನಲ್ಲಿ ಅಕ್ಕ, ಹಿರೇಕೆರೂರಿನಲ್ಲಿ ಅವ್ವನ ತವರು. ಹೀಗಾಗಿ ನಾಲ್ಕೂ ತಾಲೂಕುಗಳ ತಗ್ಗುದಿನ್ನೆಗಳು ಅದಕ್ಕೆ ಬಾಯಿಪಾಠವಾಗಿವೆ.

ಕಳೆದ ಮಳೆಗಾಲದಲ್ಲಿ ಅದಕ್ಕೊಂದು ನಡುಕ ಹತ್ತಿತು. ನಿಂತಲ್ಲಿಯೇ ಸ್ಟಿಯರಿಂಗ್ ಚಕ್ರ ಜ್ವರ ಬಂದಂತೆ ಅದುರುವುದು; ಕ್ಲಚ್ ಬಿಟ್ಟೊಡನೆ ಮುಂಭಾಗದಲ್ಲಿ 'ಧಡ್' ಎನ್ನುವುದು. ಪ್ಲಗ್ಗು ಕೆಟ್ಟರೂ ಗಾಡಿ ನಡುಗುತ್ತದೆಯೆಂದು ಮೊದಲು ಅದನ್ನು ನೋಡಿಸಿದೆ, ಸರಿಯಾಗಿಯೇ ಇತ್ತು. ಮೆಕ್ಯಾನಿಕ್ ಬಾನೆಟ್ ತೆರೆದು, "ಸರ, ಇಂಜಿನ್ ಮೌಂಟಿಂಗ್ ಹೋಗ್ಯಾವ್ರಿ" ಎಂದ.

ಎಂಜಿನ್ ಕಾರಿನ ಮೈಗೆ ನೇರವಾಗಿ ಬಿಗಿದುಕೊಂಡಿರುವುದಿಲ್ಲ. ಮೂರು ನಾಲ್ಕು ಕಡೆ ಲೋಹದ ನಡುವೆ ರಬ್ಬರು ತುಂಬಿದ ದಿಂಬುಗಳ ಮೇಲೆ ಅದು ಕುಳಿತಿರುತ್ತದೆ. ನಿಮಿಷಕ್ಕೆ ಎಂಟುನೂರು ಸುತ್ತು ತಿರುಗುತ್ತ ನಿಂತಿರುವ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸೆಕೆಂಡಿಗೆ ಸುಮಾರು 27 ಸ್ಫೋಟಗಳಾಗುತ್ತವೆ. ಆ ಪೆಟ್ಟುಗಳನ್ನು ನಮ್ಮ ಬೆನ್ನಿಗೆ ತಾಕದಂತೆ ನುಂಗಿಕೊಳ್ಳುವುದು ಈ ರಬ್ಬರಿನ ಕೆಲಸ. ಮೊದಲ ಕಾಲದ ಅನೇಕ ಕಾರುಗಳಲ್ಲಿ ಎಂಜಿನ್ನನ್ನು ಚೌಕಟ್ಟಿಗೇ ಬಿಗಿಯುತ್ತಿದ್ದರು. 1931ರಲ್ಲಿ ಅಮೆರಿಕೆಯ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನಲ್ಲಿ ಅದನ್ನು ರಬ್ಬರಿನ ಮೇಲೆ ತೂಗುವಂತೆ ಕೂರಿಸಿ, ಆ ವ್ಯವಸ್ಥೆಯನ್ನು 'ಫ್ಲೋಟಿಂಗ್ ಪವರ್' ಎಂದು ಕರೆಯಿತು. ಆದರೆ ರಬ್ಬರಿಗೂ ಮುಪ್ಪು ಉಂಟು. ಕಾವು, ಸೋರಿದ ಎಣ್ಣೆ, ವಯಸ್ಸು ಇವು ಸೇರಿ ಅದನ್ನು ಬಿರಿಯಿಸುತ್ತವೆ.

"ಈ ಸಲ ಗಟ್ಟಿ ಜಾತೀವು ಹಾಕೂಣ್ರಿ, ಗಾಡಿ ಬಾಣ ಆಕ್ಕೈತಿ" ಎಂದ ಆತ. ಅವು ಪಾಲಿಯುರಿಥೇನ್ ಎಂಬ ಬಿರುಸಾದ ವಸ್ತುವಿನವು. ನಾನು ಒಪ್ಪಿದೆ. ಮರುದಿನ ಬಂಕಾಪುರದ ಕಡೆಯ ಹೆದ್ದಾರಿಯಲ್ಲಿ ನನಗಾದ ಹಿಗ್ಗನ್ನು ಏನೆಂದು ಹೇಳಲಿ! ಎಂಜಿನ್ ಮೊದಲು ತಾನು ತೊನೆದು ಆಮೇಲೆ ಗಾಡಿಯನ್ನು ಎಳೆಯುವ ಸೋಮಾರಿತನ ಹೋಗಿತ್ತು. ಕಾಲೂರಿದೊಡನೆ ಗಾಡಿ ಓಗೊಡುತ್ತಿತ್ತು. ಗೇರುಗಳು ಕರೆದಲ್ಲಿಗೆ ಬಂದು ಕೂಡುತ್ತಿದ್ದವು.

ಆ ಭಾನುವಾರ ಅವ್ವನನ್ನು ಸವಣೂರಿಗೆ ಕರೆದುಕೊಂಡು ಹೋಗಿ ಬಂದೆ. ಅವಳು ಏನೂ ಅನ್ನಲಿಲ್ಲ. ಮುಂದಿನ ವಾರ ಹಿರೇಕೆರೂರಿನಲ್ಲಿ ಹಾಸಿಗೆ ಹಿಡಿದಿರುವ ಸೋದರಮಾವನನ್ನು ನೋಡಲು ಹೊರಟಾಗ ಮಾತ್ರ, "ನಾ ಬಸ್ಸಿನ್ಯಾಗ ಹೋಗ್ತೀನಿ ತಮ್ಮಾ. ನಿನಗ್ಯಾಕ ತ್ರಾಸ" ಎಂದಳು.

ತ್ರಾಸವಾಗಿದ್ದುದು ಯಾರಿಗೆ ಎಂಬುದು ನನಗೆ ಆಗಲೂ ಹೊಳೆಯಲಿಲ್ಲ. ಸಂಜೆ ಹೆಂಡತಿಯ ಕೈಗೆ ಚಕ್ರ ಕೊಟ್ಟು, ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ನಾನು ಹಿಂದಿನ ಆಸನದಲ್ಲಿ ಕುಳಿತೆ. ಬಸ್ ನಿಲ್ದಾಣದ ಮುಂದೆ ಗಾಡಿ ಎರಡು ನಿಮಿಷ ನಿಂತಿತು. ಸೆಕೆಂಡಿನ ಆ ಇಪ್ಪತ್ತೇಳು ಪೆಟ್ಟುಗಳು ಆಸನದಿಂದ ಏರಿ ಬೆನ್ನುಹುರಿಯಲ್ಲಿ ಲೆಕ್ಕ ಒಪ್ಪಿಸತೊಡಗಿದವು. ಕಿಟಕಿಗೆ ತಲೆ ಆನಿಸಿದರೆ ಹಲ್ಲುಗಳೇ ಗುಂಯ್‌ಗುಟ್ಟಿದವು. ಎಪ್ಪತ್ತು ದಾಟಿದ ಸೊಂಟ ಇದನ್ನು ಸವಣೂರಿನವರೆಗೂ ಬಾಯಿಮುಚ್ಚಿ ತಾಳಿಕೊಂಡಿತ್ತು.

ಮತ್ತೆ ಗ್ಯಾರೇಜಿಗೆ ಹೋದೆ. ಎಂಜಿನ್ನಿನ ಭಾರ ಹೊರುವ ಮೌಂಟಿಂಗುಗಳನ್ನು ತೆಗೆಸಿ, ಕಾರಿಗೆ ಮೊದಲಿದ್ದ ಜಾತಿಯ ಹೊಸ ರಬ್ಬರಿನವನ್ನೇ ಹಾಕಿಸಿದೆ. ಎಂಜಿನ್ ಹಿಂದೆ ಮುಂದೆ ತೊನೆಯದಂತೆ ಕೆಳಗೆ ಹಿಡಿಯುವ ತುಂಡು ಒಂದನ್ನು ಮಾತ್ರ ಗಟ್ಟಿಯದಾಗಿ ಉಳಿಸಿಕೊಂಡೆ. ಬಾಣ ಹೋಯಿತು, ಆದರೂ ಗೇರು ಮೊದಲಿನಂತೆ ಮುನಿಯುವುದಿಲ್ಲ. ನಿಂತಾಗ ತುಸು ಗುಂಯ್‌ಗುಡುವಿಕೆ ಉಳಿದಿದೆ; ಅಷ್ಟನ್ನು ನನ್ನ ಚಪಲಕ್ಕೆ ತೆತ್ತ ದಂಡವೆಂದು ಒಪ್ಪಿಕೊಂಡಿದ್ದೇನೆ. ಎರಡು ಸಲದ ಖರ್ಚಿನ ಮಾತನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತಬಾರದು.

ಕಾರನ್ನು ಸುಧಾರಿಸಹೊರಟ ಓದುಗರಲ್ಲಿ ನನ್ನದೊಂದೇ ವಿಜ್ಞಾಪನೆ: ದುಡ್ಡು ಕೊಡುವ ಮುನ್ನ ಒಮ್ಮೆ ಹಿಂದಿನ ಆಸನದಲ್ಲಿ ಕುಳಿತು ನೋಡಿರಿ. ಸುಖದ ಲೆಕ್ಕ ಚಕ್ರ ಹಿಡಿದವನ ಅಂಗೈಯಲ್ಲಿ ಮುಗಿಯುವುದಿಲ್ಲ.

ಹೋದ ವಾರ ಅವ್ವ ಮತ್ತೆ ನಮ್ಮೊಡನೆ ಹಿರೇಕೆರೂರಿಗೆ ಹೊರಟಳು. ತಿಳವಳ್ಳಿ ಬರುವಷ್ಟರಲ್ಲಿ ಹಿಂದಿನಿಂದ ಮಾತು ನಿಂತಿತು. ಗಾಬರಿಯಿಂದ ಕನ್ನಡಿಯಲ್ಲಿ ನೋಡಿದೆ. ಬಾಯಿ ತುಸು ತೆರೆದು, ಕಿಟಕಿಗೆ ತಲೆ ಆನಿಸಿ, ಅವಳು ನಿದ್ದೆಹೋಗಿದ್ದಳು.